ನಗೆನಾಟಕದಲ್ಲಿ ಅಳುವ ನಮ್ಮ ಅತ್ತೆ

ನಮ್ಮ ಅತ್ತೆ ಒಂದೇ ನಾಟಕವನ್ನು ಸಾಲಾಗಿ ಹನ್ನೊಂದು ಸಲ ನೋಡಿ ಹನ್ನೊಂದು ಸಲವೂ ಅತ್ತವರು ಎಂದರೆ ನೀವೇನೂ ಆಶ್ಚರ್ಯಪಡುವುದಿಲ್ಲ. ಅಳಿಸುವ ನಾಟಕಗಳಿಗೆ ನಮ್ಮಲ್ಲಿ ಬರವೇ? ಆದರೆ ಅದು ನಗೆನಾಟಕ ಎಂದರೆ? ಅಕ್ಕಪಕ್ಕದವರೆಲ್ಲ ಹೊಟ್ಟೆ ಹಿಡಿದುಕೊಂಡು ಕುರ್ಚಿಯಿಂದ ಜಾರುವಂಥ ನಾಟಕ ಎಂದರೆ? ನಕ್ಕು ನಕ್ಕು ಕಣ್ಣೊರೆಸಿಕೊಳ್ಳುವವರು ಆ ನಾಟಕದ ಹಾಲಿನಲ್ಲಿ ಬೇಕಾದಷ್ಟು ಜನ ಇರುತ್ತಿದ್ದರು, ನಿಜ. ನಮ್ಮ ಅತ್ತೆಯ ಕಣ್ಣೀರು ಮಾತ್ರ ಅಪ್ಪಟ ಕಣ್ಣೀರು!

ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ಕೇಣಿಚಿರದ ಜಂಕ್ಷನ್ನಿನಲ್ಲಿ, ಬಸ್ಸು ನಿಲ್ಲುವ ಜಾಗದ ಎದುರಿಗೇ ಅವರ ಹೊಲಿಗೆ ಅಂಗಡಿ. ಬ್ಲೌಸ್ ಅಳತೆ ಕೊಡಲು ಬಂದವರು ಮಾತಾಡಕೂಡದು, ನಗಕೂಡದು, ಸಣ್ಣಗೆ ಕಾಣಬೇಕೆಂದು ಉಸಿರು ಬಿಗಿಹಿಡಿಯಕೂಡದು. ಹಿಡಿದರೆ ಅತ್ತೆ ಟೇಪನ್ನು ಕೊರಳಿಗೆ ಹಾಕಿಕೊಂಡು ಕೈಕಟ್ಟಿ ನಿಲ್ಲುತ್ತಾರೆ. ಎಷ್ಟು ಹೊತ್ತು ಉಸಿರು ಬಿಡದೆ ಇದ್ದೀರಿ, ನೋಡೋಣ! ದಿನವಿಡೀ ಮಲಯಾಳದಲ್ಲೇ ಅವರ ವ್ಯವಹಾರ. ಮಾನಂದವಾಡಿಯಲ್ಲಿ ಟೀಚರಾಗಿರುವ ನಾನು ಭಾನುವಾರ ಹೋದರೆ ಮಾತ್ರ ಕನ್ನಡ ಹೊರಗೆ ಬರುತ್ತದೆ.

ಮಾವ ತೀರಿಕೊಂಡು ಐದು ವರ್ಷವಾಯಿತು. ಮಕ್ಕಳಿಲ್ಲ. ಮಾವ ಕಾಳುಮೆಣಸಿನ ಬಳ್ಳಿಯ ಜೊತೆ ಬೆಳಗಿನಿಂದ ಸಂಜೆಯವರೆಗೆ ಇದ್ದು ಅದರಂತೆಯೇ ಮೌನಿಯಾದವರು ಎಂದು ನಮ್ಮ ಮನೆಯಲ್ಲಿ ತಮಾಷೆ ಮಾಡುತ್ತಿದ್ದೆವು. ನನ್ನ ಜೊತೆ ಅವರು ಜೀವಮಾನದಲ್ಲಿ ಆಡಿದ ಮಾತು ಎರಡೇ. ಬಂದಾಗ "ಬಂದ್ಯಾ?", ಹೊರಟಾಗ "ಹೊಂಟ್ಯಾ?"

ಈಗ ನಾಟಕದ ವಿಷಯ. ಎಚ್.ಡಿ. ಕೋಟೆ ಕಡೆಯ ನಾಲ್ಕಾರು ಮೇಷ್ಟ್ರುಗಳು ಸೇರಿ ಹಳೆಯ ಕಂಪನಿ ನಾಟಕಗಳನ್ನು ಗೇಲಿ ಮಾಡುವ ಒಂದು ಸಂಗೀತ ನಾಟಕ ಕಟ್ಟಿದ್ದರು. ಹೆಸರು 'ಹಾ! ಪ್ರಾಣಕಾಂತಾ'. ಅದರಲ್ಲೊಬ್ಬ ರಾಜ ಯುದ್ಧಕ್ಕೆ ಹೊರಡುತ್ತಾನೆ. "ಹೊರಟೆನು ರಮಣೀ" ಎಂದು ಹಾಡುತ್ತಾನೆ. ಹಾಡು ಕಾಲು ಗಂಟೆ ನಡೆಯುತ್ತದೆ, ರಾಜ ಒಂದು ಹೆಜ್ಜೆಯೂ ನಡೆಯುವುದಿಲ್ಲ! ಕಾದು ಕಾದು ಬೇಸತ್ತ ಶತ್ರುರಾಜ ತಾನೇ ಅರಮನೆಗೆ ಬಂದು ಪಲ್ಲವಿಗೆ ದನಿಗೂಡಿಸುತ್ತಾನೆ. ಹಾರ್ಮೋನಿಯಂನವರು ನಡುವೆ ನಿದ್ದೆ ಹೋಗುತ್ತಾರೆ. ನಾಟಕ ಮಾನಂದವಾಡಿಗೆ ಬಂದಾಗ, ಮನೆಯಲ್ಲಿ ಒಬ್ಬರೇ ಕೂತಿರುವ ಅತ್ತೆ ಒಂದಿಷ್ಟು ನಗಲಿ ಎಂದು ನಾನೇ ಕರೆದುಕೊಂಡು ಹೋದೆ. ತಪ್ಪು ನನ್ನದೇ!

ಅರ್ಧ ನಾಟಕದವರೆಗೆ ಅತ್ತೆ ಅಳತೆ ತೆಗೆಯುವ ಮುಖ ಹೊತ್ತು ಕೂತಿದ್ದರು. ಆಮೇಲೆ ಚಪ್ಪಲಿಯ ದೃಶ್ಯ ಬಂತು. ರಾಜ ಖಡ್ಗ ಹಿರಿದು ಗುಡುಗುತ್ತಾನೆ:

"ಎಲೈ ಚಂದ್ರವದನೇ! ಎನ್ನ ಎಡಗಾಲಿನ ಪಾದರಕ್ಷೆಯನ್ನು ಅಪಹರಿಸಿದ ದುರುಳನಾರು?"

ರಾಣಿ ಸೆರಗಿನಿಂದ ಮುಖ ಮುಚ್ಚಿಕೊಂಡು, "ಹಾ ಪ್ರಾಣಕಾಂತಾ! ಅದು ತಮ್ಮ ಬಲಗಾಲಿನಲ್ಲಿಯೇ ವಿರಾಜಿಸುತ್ತಿದೆಯಲ್ಲಾ!"

ಹಾಲಿಗೆ ಹಾಲೇ ನಗೆಯಲ್ಲಿ ಸಿಡಿಯಿತು. ನಾನೂ ನಕ್ಕು ತಿರುಗಿ ನೋಡುತ್ತೇನೆ, ಅತ್ತೆಯ ಕೆನ್ನೆಯ ಮೇಲೆ ನೀರು ಇಳಿಯುತ್ತಿದೆ.

"ಅತ್ತೆ, ಏನಾಯ್ತು? ಹುಷಾರಿಲ್ವಾ?"

"ಸುಮ್ಕಿರು. ನಾಟ್ಕ ನೋಡು."

ಮುಂದೆ ರಾಜ ಸತ್ತ. ಯುದ್ಧದಲ್ಲಲ್ಲ, ಹಾಡಿ ಹಾಡಿ ಸುಸ್ತಾಗಿ! ಅಲ್ಲಿ ಅಳಬಹುದಾಗಿತ್ತಪ್ಪ. ಅತ್ತೆ ಚೀಲದಿಂದ ಏಲಕ್ಕಿ ತೆಗೆದು ಬಾಯಿಗೆ ಹಾಕಿಕೊಂಡು, "ಕಿರೀಟ ಸಡ್ಲ ಆಗ್ಬುಟ್ಟದೆ" ಎಂದರು.

ಅಂದಿನಿಂದ ಶುರುವಾಯಿತು ನೋಡಿ. ಕುಟ್ಟದಲ್ಲಿ ನಾಟಕ, ಅತ್ತೆ ಹಾಜರ್. ಕೋಟೆಯಲ್ಲಿ ನಾಟಕ, ಹಾಜರ್. ಜೊತೆಗೆ ಅಂಗಡಿಯ ಪಕ್ಕದ ಸ್ಟ್ಯಾಂಡಿನ ಆಟೋ ಚೇಟನೂ, ಎಂದರೆ ಆಟೋ ಓಡಿಸುವ ಅಣ್ಣನೂ, ಅಭಿಮಾನಿಯಾಗಿಬಿಟ್ಟರು. ಮಲಯಾಳಿ. ಕನ್ನಡ ಅಷ್ಟಕ್ಕಷ್ಟೇ. ಆದರೆ ಹಾಡುಗಳೆಲ್ಲ ಬಾಯಿಪಾಠ! ಗೇರು ಬದಲಿಸುವಾಗಲೆಲ್ಲ "ಹೊರಟೆನು ರಮಣೀ" ಎಂದು ರಾಗ ಎಳೆಯುತ್ತಿದ್ದರು.

"ಚೇಟಾ, ಅರ್ಥ ಗೊತ್ತಾ?" ಎಂದು ನಾನೊಮ್ಮೆ ಕೇಳಿದೆ.

"ಅರ್ಥ ಎಂದಿನಾ ಟೀಚರೇ? ಅಯಾಳ್ ಪೋಗುನ್ನಿಲ್ಲಲ್ಲೋ! ಅದು ಸಾಕು."

ಅರ್ಥ ಏಕೆ ಬೇಕು, ಆತ ಹೋಗುವುದೇ ಇಲ್ಲವಲ್ಲ ಎಂಬುದು ಅವರ ವಾದ. ಎಷ್ಟೋ ವಿಮರ್ಶಕರಿಗೆ ಸಿಗದ ತಿರುಳು!

ಹೋಗಲಿ, ಅಭಿಮಾನಿಗಳು ಚೇಟನೊಬ್ಬರೇ ಅಲ್ಲ. ಪ್ರತಿ ಪ್ರದರ್ಶನಕ್ಕೂ ಬರುವ ಒಂದಿಪ್ಪತ್ತು ಮುಖಗಳಿದ್ದವು. ರಾಜ ಬಾಯಿ ತೆರೆಯುವ ಮೊದಲೇ ಅವನ ಮಾತನ್ನು ಇವರೇ ಕೂಗುತ್ತಿದ್ದರು. ಪಯ್ಯಂಪಳ್ಳಿಯಿಂದ ಬರುತ್ತಿದ್ದ ಒಬ್ಬರು ತಮ್ಮ ಎಡಗಾಲಿನ ಚಪ್ಪಲಿಯನ್ನು ಬಲಗಾಲಿಗೆ ಹಾಕಿಕೊಂಡೇ ಹಾಲಿನೊಳಗೆ ಕಾಲಿಡುತ್ತಿದ್ದರು! ಇವರೆಲ್ಲರ ನಡುವೆ, ಮುಂದಿನ ಸಾಲಿನಲ್ಲಿ, ಇಸ್ತ್ರಿ ಮಾಡಿದ ಸೀರೆಯುಟ್ಟು, ಮಡಿಲಲ್ಲಿ ಎರಡು ಕರವಸ್ತ್ರ ಇಟ್ಟುಕೊಂಡು ಅಳುವ ನಮ್ಮ ಅತ್ತೆ.

ಹನ್ನೊಂದನೆಯ ಸಲ ಕುಟ್ಟದಲ್ಲಿ ನಾಟಕ ಮುಗಿದ ಮೇಲೆ ರಾಜನ ಪಾತ್ರದ ಮೇಷ್ಟ್ರು ನನ್ನನ್ನು ಹುಡುಕಿಕೊಂಡು ಬಂದರು. ಅರ್ಧ ಮೀಸೆ ತೆಗೆದಾಗಿತ್ತು.

"ಟೀಚರ್, ಬೇಜಾರು ಮಾಡ್ಕೋಬೇಡಿ. ಅಮ್ಮ ಮುಂದೆ ಕೂತು ಅಳ್ತಾ ಇದ್ರೆ ನನಗೆ ಚಪ್ಲಿ ಸೀನು ಮಾಡಕ್ಕೇ ಆಗಲ್ಲ. ಯಾರದೋ ನೋವಿನ ಮೇಲೆ ಕಾಲಿಟ್ಟಂಗೆ ಆಗುತ್ತೆ. ಸ್ವಲ್ಪ ಹಿಂದಿನ ಸಾಲಲ್ಲಿ ಕೂರಿಸ್ತೀರಾ?"

ಅವರು ಕೇಳಿದ್ದು ಅಷ್ಟೇ. ಆದರೆ ನನಗೆ ಮುಖ ಕಾದುಹೋಯಿತು. ಹನ್ನೊಂದು ಪ್ರದರ್ಶನಗಳಲ್ಲೂ ಜನ ನಮ್ಮನ್ನು ತಿರುಗಿ ತಿರುಗಿ ನೋಡಿದ್ದೆಲ್ಲ ಒಮ್ಮೆಗೇ ನೆನಪಾಯಿತು. ವಾಪಸು ಬರುವಾಗ ಆಟೋದಲ್ಲಿ ಹೇಳಿಬಿಟ್ಟೆ. "ಅತ್ತೆ, ನೀವು ಬರೋದು ಬೇಡ ಅಂತಾರೆ ಅವರು. ನಾಟಕ ಕೆಡುತ್ತಂತೆ."

ಚೇಟ ಹಾಡು ನಿಲ್ಲಿಸಿದರು. ಅತ್ತೆ ಎರಡೂ ಕರವಸ್ತ್ರ ಮಡಿಸಿ ಚೀಲಕ್ಕೆ ಹಾಕಿಕೊಂಡು, "ಸರಿ ಬುಡು. ಅವ್ರ ನಾಟ್ಕ ಅಲ್ವಾ" ಎಂದರು. ಮತ್ತೆ ಆ ಮಾತೆತ್ತಲಿಲ್ಲ.

ಮುಂದಿನ ಎರಡು ಪ್ರದರ್ಶನಗಳಿಗೆ ಅತ್ತೆ ಹೋಗಲಿಲ್ಲ. ಅಂಗಡಿಯಲ್ಲಿ ಗಿರಾಕಿಗಳು ಉಸಿರು ಬಿಗಿಹಿಡಿದರೂ ಬೈಯದೆ, ಬಂದ ಅಳತೆಯನ್ನೇ ಬರೆದುಕೊಳ್ಳತೊಡಗಿದರು. ಅದನ್ನು ನೋಡಿದಾಗ ನನಗೆ ಭಯವಾಯಿತು. ಆದರೂ ನಿಜ ಹೇಳಲು ಬಾಯಿ ಬರಲಿಲ್ಲ. ಎಷ್ಟೇ ಆದರೂ ನಾನು ಮಕ್ಕಳಿಗೆ ಸತ್ಯವನ್ನೇ ಹೇಳಿರೆಂದು ಪಾಠ ಮಾಡುವವಳಲ್ಲವೇ!

ಒಂದು ಭಾನುವಾರ ಮಧ್ಯಾಹ್ನ ನಾನು ಅಂಗಡಿಯಲ್ಲಿದ್ದೆ. ಬತ್ತೇರಿಯಲ್ಲಿ ಅಂದು ಸಂಜೆ ನಾಟಕ. ಚೇಟನ ಆಟೋ ಬಂದು ನಿಂತಿತು. ಒಳಗಿನಿಂದ ಸಾಕ್ಷಾತ್ ಮಹಾರಾಜರೇ ಇಳಿದರು! ಜರಿಯ ನಿಲುವಂಗಿ, ಕೆಳಗೆ ಪ್ಯಾಂಟು. ಅಂಗಿ ತೊಟ್ಟು ನೋಡುವಾಗ ಕಂಕುಳಿನಿಂದ ಸೊಂಟದವರೆಗೆ ಹರಿದುಹೋಗಿತ್ತು. ಬೆಳಗ್ಗೆಯೇ ಅಲ್ಲಿಗೆ ಹೋಗಿದ್ದ ಚೇಟನಿಗೆ ಗೊತ್ತಿದ್ದ ಹೊಲಿಗೆ ಅಂಗಡಿ ಒಂದೇ. ಜಂಕ್ಷನ್ನಿನ ಜನವೆಲ್ಲ ನೋಡುತ್ತಿದ್ದರು. ರಾಜರಿಗೆ ನಾಚಿಕೆಯಾಗಿರಬೇಕು. ಅದನ್ನು ಮುಚ್ಚಿಕೊಳ್ಳಲೋ ಏನೋ, ಬಾಗಿಲಲ್ಲೇ ನಿಂತು ನಾಟಕದ ದನಿ ತೆಗೆದರು:

"ಎಲೈ ಸೂಚೀಹಸ್ತೆಯಾದ ಮಾನಿನಿಯೇ! ಈ ಭೂಪಾಲನ ಮಾನವು ನಿನ್ನ ಕೈಯಲ್ಲಿರುವುದು!"

ಅತ್ತೆ ಹೊಲಿಗೆ ಯಂತ್ರದಿಂದ ತಲೆಯೆತ್ತಿದರು. ಟೇಪನ್ನು ಕೊರಳಿಗೆ ಹಾಕಿಕೊಂಡರು. ಆಮೇಲೆ, ನಾನು ಹುಟ್ಟಿದಾಗಿನಿಂದ ಕೇಳದಿದ್ದ ಒಂದು ದನಿಯಲ್ಲಿ ಹೇಳಿದರು:

"ಮಹಾಪ್ರಭೂ! ಮಾನವನ್ನು ಆಮೇಲೆ ರಕ್ಷಿಸೋಣ. ಮೊದಲು ಬಾಗಿಲಿನಿಂದ ಈಚೆಗೆ ಸರಿ. ಬೆಳಕಿಗೆ ಅಡ್ಡವಾಗಿರುವೆ!"

ರಾಜರೇ ತಬ್ಬಿಬ್ಬಾದರು. ಆ ಮಾತು ನಾಟಕದಲ್ಲಿ ಇಲ್ಲವೇ ಇಲ್ಲ! ಅವರೂ ಬಿಡಲಿಲ್ಲ, ಇವರೂ ಬಿಡಲಿಲ್ಲ. ಅಂಗಿ ಬಿಚ್ಚಿ ಕೊಡುವವರೆಗೆ ನಾಲ್ಕಾರು ಮಾತು ಹಾಗೆಯೇ ಓಡಿತು. ಅತ್ತೆಯದು ಸಲೀಸು, ದಿನವೂ ಆಡುವವರ ಹಾಗೆ. ಆಮೇಲೆ ಇದ್ದಕ್ಕಿದ್ದಂತೆ ನಿಲ್ಲಿಸಿ ಜರಿಯ ಬಟ್ಟೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತರು.

"ಅಮ್ಮ, ಇದನ್ನೆಲ್ಲ ಎಲ್ಲಿ ಕಲಿತ್ರಿ?" ಎಂದರು ರಾಜರು ಮೆಲ್ಲಗೆ.

"ನಮ್ಮನೇಲಿ."

"ಯಾರು ಕಲಿಸಿದ್ರು?"

"ನಮ್ಮೆಜಮಾನ್ರು ಹಿಂಗೇ ಮಾತಾಡ್ತಿದ್ದುದು. ಬಾಗ್ಲು ಹಾಕ್ಕೊಂಡ್ ಮ್ಯಾಕೆ. ಹುಡ್ಗ್ರಾಗಿದ್ದಾಗ ಕೋಟೇಲಿ ಕಂಪ್ನಿ ನಾಟ್ಕ ನೋಡ್ಕ ಬಂದ್ರಂತೆ. ಅದ್ನ ಆಡ್ಕಳದು. ಕಾಪಿ ಬೇಕಂದ್ರೆ 'ಎಲೈ ಕಾಂತೇ', ಚಪ್ಲಿ ಕಾಣ್ದೆ ಹೋದ್ರೆ 'ಎಲೈ ಕಾಂತೇ'. ನಾನೂ ಹಂಗೇ ಉತ್ರ ಕೊಡೋದು. ಆಚೆ ಬಂದ್ರೆ ಮಾತೇ ಇಲ್ಲ ಆ ಮನ್ಸಂಗೆ!"

ಕನ್ನಡ ಅಷ್ಟಕ್ಕಷ್ಟೇ ಇದ್ದ ಚೇಟನೂ ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದರು.

"ದಿಟವಾದ ಕಂಪ್ನಿ ನಾಟ್ಕ ನೋಡಿದ್ರೆ ನಂಗೇನೂ ಆಗಾಕಿಲ್ಲ ಮೇಷ್ಟ್ರೇ," ಎಂದು ಅತ್ತೆ ಮುಂದುವರಿಸಿದರು. "ನೀವು ಆಡ್ಕೊಂಡ್ ಆಡೋದು ನಮ್ಮೆಜಮಾನ್ರಂಗೇ ಅದೆ. ಎಲ್ರೂ ನಗ್ತಾರಲ್ಲ, ಅವ್ರ ಮಾತಿಗೆ ಇಷ್ಟ್ ಜನ ನಗ್ತಾವ್ರಲ್ಲ ಅಂತ ಅಳು ಬತ್ತದೆ. ನಿಮ್ಗೆ ತೊಂದ್ರೆ ಆಗೋದಾದ್ರೆ ನಾನ್ ಬರಾಕಿಲ್ಲ."

"ಬರಬೇಡಿ ಅಂತ ಯಾರು ಹೇಳಿದ್ರು? ಹಿಂದೆ ಕೂತ್ಕೊಳ್ಳಿ ಅಂದೆ ಅಷ್ಟೇ!"

ಅತ್ತೆ ನನ್ನ ಕಡೆ ನೋಡಿದರು. ನಾನು ಎದ್ದು ಹೋಗಿ ಅವರ ಕಾಲ ಬಳಿ ಕೂತೆ. "ನಂಗೆ ನಾಚ್ಕೆ ಆಗಿತ್ತು ಅತ್ತೆ. ಅದಕ್ಕೆ ಹಂಗಂದೆ." ಅವರು ಬೈಯಲಿಲ್ಲ. "ದಾರ ಕೊಡು, ಹಳ್ದಿದು" ಎಂದರು.

ಅಂದು ಸಂಜೆ ಬತ್ತೇರಿಯಲ್ಲಿ ರಾಜರೇ ಅತ್ತೆಯನ್ನು ಮೊದಲ ಸಾಲಿಗೆ ಕರೆದುಕೊಂಡು ಹೋಗಿ ಕೂರಿಸಿದರು. ಮರುವಾರದಿಂದ ಭಾನುವಾರವೆಲ್ಲ ಪುಸ್ತಕ ಹಿಡಿದು ಕೇಣಿಚಿರಕ್ಕೆ ಬರತೊಡಗಿದರು. ಅತ್ತೆ ಯಂತ್ರ ತುಳಿಯುತ್ತಾ ಮಾವನ ಮಾತುಗಳನ್ನು ಒಂದೊಂದಾಗಿ ಹೇಳುತ್ತಿದ್ದರು. ಮೇಷ್ಟ್ರು ಬರೆದುಕೊಳ್ಳುತ್ತಿದ್ದರು. ನಾನು ಸ್ಟೂಲಿನ ಮೇಲೆ ಕೂತು, "ಬಂದ್ಯಾ?" ಎಂಬುದರಾಚೆಗೆ ಏನೂ ಆಡದಿದ್ದ ಒಬ್ಬ ಮನುಷ್ಯನನ್ನು ಮೊದಲ ಸಲ ಕೇಳುತ್ತಿದ್ದೆ. ಈಗ ನಾಟಕದಲ್ಲಿ ಇಡೀ ಒಂದು ದೃಶ್ಯವೇ ಮಾವನದು. ರಾಜ ಕಾಫಿ ಕೇಳುವ ದೃಶ್ಯ. ಜನ ಕುರ್ಚಿಯಿಂದ ಜಾರುತ್ತಾರೆ.

ಆ ದೃಶ್ಯ ಬರೆದುಕೊಂಡ ದಿನ ಮೇಷ್ಟ್ರು ಪೆನ್ನು ಹಿಡಿದು ಕೇಳಿದ್ದರು. "ಕಾಫಿ ಕುಡಿದು ಲೋಟ ಕೆಳಗಿಟ್ಟ ಮೇಲೆ ಏನನ್ನೋರು ಅಮ್ಮ?"

ಯಂತ್ರ ತುಳಿಯುತ್ತಿದ್ದ ಅತ್ತೆಯ ಕಾಲು ನಿಂತಿತು.

"ಅದು ನಂಗೆ ಹೇಳಿದ್ದು ಮೇಷ್ಟ್ರೇ," ಎಂದರು. "ಅದೊಂದು ಬುಟ್ಬುಡಿ."