ತಪಾಸಣೆಗೆ ನಿಯೋಜನೆಗೊಂಡ ಕುಟುಂಬ

ಮಕ್ಕಳನ್ನು ಕರೆದುಕೊಂಡು ಉಡುಪಿ, ಮಣಿಪಾಲಕ್ಕೆ ಬರುವವರು ಕೂತು ಉಣ್ಣಲು ಯೋಗ್ಯವಾದ ಹೋಟೆಲುಗಳನ್ನು ಗುರುತಿಸಿ ಫಲಕ ಕೊಡುವ ಸಲುವಾಗಿ ‘ಕುಟುಂಬಸ್ನೇಹಿ ಹೋಟೆಲ್ ಮಾನ್ಯತಾ ಕೋಶ’ ಎಂಬ ಕಚೇರಿ ಸ್ಥಾಪನೆಯಾಗಿ ಎರಡು ವರ್ಷಗಳಾಗಿವೆ. ಕೋಶದ ಕೆಲಸ ತೃಪ್ತಿಕರವಾಗಿ ನಡೆಯುತ್ತಿದೆ ಎಂದು ಕೋಶವೇ ಎರಡು ಬಾರಿ ಪ್ರಕಟಿಸಿದೆ.

ಕೋಶ ಹುಟ್ಟಿದ್ದಕ್ಕೆ ಕಾರಣವಿತ್ತು. ಮಣಿಪಾಲದ ಒಂದು ಹೋಟೆಲಿನಲ್ಲಿ, ಅಳುತ್ತಿದ್ದ ಮಗುವಿನ ತಾಯಿಗೆ “ಹೊರಗೆ ಕರ್ಕೊಂಡು ಹೋಗಿ, ಪೂರ್ತಿ ಅತ್ತು ಮುಗಿದ ಮೇಲೆ ಬನ್ನಿ” ಎಂದು ಹೇಳಿದ ದೃಶ್ಯ ಎಲ್ಲರ ಮೊಬೈಲಿಗೂ ಹೋಗಿತ್ತು. ಆಮೇಲೆ ಒಂದು ಸಭೆ ನಡೆಯಿತು. ಸಭೆಗೆ ಬಂದವರು ಮಕ್ಕಳನ್ನು ಮನೆಯಲ್ಲಿ ಬಿಟ್ಟು ಬಂದಿದ್ದುದರಿಂದ ಚರ್ಚೆ ಶಾಂತವಾಗಿ ಸಾಗಿ, ನಲವತ್ತೊಂದು ನಿಯಮಗಳು ಸರ್ವಾನುಮತದಿಂದ ಅಂಗೀಕಾರವಾದವು.

ಕೋಶದ ತಪಾಸಣಾಧಿಕಾರಿಯಾಗಿ ಕಾಪುವಿನ ಇಮ್ಯಾನುಯೆಲ್ ಅವರನ್ನು ನೇಮಿಸಲಾಯಿತು. ವಯಸ್ಸು ನಲವತ್ತಾರು, ಅವಿವಾಹಿತರು. ಇಪ್ಪತ್ತು ವರ್ಷಗಳಿಂದ ಮಧ್ಯಾಹ್ನದ ಊಟವನ್ನು ಯಾವುದಾದರೊಂದು ಹೋಟೆಲಿನಲ್ಲಿ, ಕೈತೊಳೆಯುವ ಬೇಸಿನ್ನಿನ ಪಕ್ಕದ ಒಂಟಿ ಮೇಜಿನಲ್ಲಿ ಮಾಡಿದವರು. ಹೋಟೆಲುಗಳ ಬಗ್ಗೆ ಅವರಿಗಿಂತ ಹೆಚ್ಚು ತಿಳಿದವರು ಇಲಾಖೆಯಲ್ಲಿ ಇರಲಿಲ್ಲ. ತೊಡಕು ಬಂದದ್ದು ಏಳನೆಯ ನಿಯಮದಿಂದ: ‘ತಪಾಸಣೆಯನ್ನು ಕುಟುಂಬ ಸಮೇತ ನಡೆಸತಕ್ಕದ್ದು. ಕುಟುಂಬವೆಂದರೆ ಗಂಡ, ಹೆಂಡತಿ, ಐದು ತುಂಬಿದ ಒಂದು ಮಗು, ಐದು ತುಂಬದ ಒಂದು ಮಗು ಹಾಗೂ ಊಟದಲ್ಲಿ ತಪ್ಪು ಹುಡುಕುವ ಒಬ್ಬರು ಹಿರಿಯರು.’

ತಮಗೆ ಮದುವೆಯಾಗಿಲ್ಲವೆಂದು ಇಮ್ಯಾನುಯೆಲ್ ಮೇಲಿನ ಕಚೇರಿಗೆ ಪತ್ರ ಬರೆದರು. ಹದಿನೈದು ದಿನಗಳಲ್ಲಿ ಉತ್ತರ ಬಂತು: ‘ವಿಷಯವನ್ನು ಗಮನಿಸಲಾಗಿದೆ. ತಿಂಗಳಾಂತ್ಯದೊಳಗೆ ಸೂಕ್ತ ಕ್ರಮ ಕೈಗೊಂಡು ವರದಿ ಮಾಡುವುದು.’

ಆ ತಿಂಗಳಾಂತ್ಯಕ್ಕೆ ಇನ್ನು ಎರಡು ದಿನ ಇರುವಾಗ ಸ್ವರ್ಣಲತಾ ಮಣಿಪಾಲಕ್ಕೆ ಬಂದರು.

ಸ್ವರ್ಣಲತಾ ಕಾರ್ಕಳದ ಪಕ್ಕದ ಕುಕ್ಕುಂದೂರಿನಲ್ಲಿ ಬಟ್ಟೆ ಹೊಲಿಯುವವರು. ಗಂಡ ದೇವದಾಸ ಶಾಲಾ ವ್ಯಾನಿನ ಚಾಲಕ. ಮಗಳು ಪ್ರಣೀತಾಗೆ ಒಂಬತ್ತು, ಮಗ ಹರ್ಷಿತ್‌ಗೆ ನಾಲ್ಕೂವರೆ. ಹರ್ಷಿತ್‌ನ ಕಿವಿ ತೋರಿಸಲಿಕ್ಕೆಂದು ಹೊರಟವರ ಜೊತೆ ಅತ್ತೆ ವಾರಿಜಾ ಕೂಡ, ಮನೆಯಲ್ಲಿ ಒಬ್ಬಳೇ ಎಂತ ಮಾಡುವುದು ಎಂದು, ಬಂದಿದ್ದರು. ಡಾಕ್ಟರು ನೋಡಿ ಕಳಿಸುವಾಗ ಗಂಟೆ ಒಂದೂವರೆ. ಮಕ್ಕಳು ಹಸಿದಿದ್ದರು.

ಮೊದಲನೆಯ ಹೋಟೆಲಿನಲ್ಲಿ ಫ್ಯಾಮಿಲಿ ರೂಮ್ ಇತ್ತು. ಆದರೆ ಗಾಜಿನ ಗೋಡೆ ಇರುವುದರಿಂದ ಮಕ್ಕಳನ್ನು ಬಿಡುತ್ತಿರಲಿಲ್ಲ. ಎರಡನೆಯದರಲ್ಲಿ ಫ್ಯಾಮಿಲಿ ರೂಮಿನ ಎಲ್ಲ ಮೇಜುಗಳಲ್ಲೂ ಕಾಲೇಜಿನವರು ಬೆಳಿಗ್ಗೆ ಹತ್ತರಿಂದ ಒಂದೊಂದು ಲೈಮ್ ಸೋಡಾ ಹಿಡಿದು ಕೂತಿದ್ದರು. ಮೂರನೆಯದರಲ್ಲಿ ಜಾಗವೂ ಇತ್ತು, ಪುಟ್ಟ ಮಕ್ಕಳ ಎತ್ತರದ ಕುರ್ಚಿಯೂ ಇತ್ತು. ಕುರ್ಚಿಗೆ ಪ್ಲಾಸ್ಟಿಕ್ ಸುತ್ತಿತ್ತು.

“ಅದು ಬಿಚ್ಚಲಿಕ್ಕಿಲ್ಲ ಅಕ್ಕ,” ಎಂದರು ಮ್ಯಾನೇಜರ್ ಪ್ರಖ್ಯಾತ್. “ತಪಾಸಣೆಗೆ ಇಟ್ಟದ್ದು. ಮಕ್ಕಳು ಕೂತರೆ ಹಾಳಾಗ್ತದೆ.”

“ಮಕ್ಕಳ ಕುರ್ಚಿ ಅಲ್ವಾ ಅದು?”

“ಹೌದು. ಆದ್ರೆ ಮಕ್ಕಳು ಕೂತದ್ದು ಗೊತ್ತಾಗಬಾರದು.”

ಬೇಸಿನ್ನಿನ ಪಕ್ಕದ ಮೇಜಿನಲ್ಲಿ ಅನ್ನಕ್ಕೆ ಸಾರು ಕಲಸುತ್ತಿದ್ದ ಇಮ್ಯಾನುಯೆಲ್ ತಲೆ ಎತ್ತಿದರು. ಗಂಡ, ಹೆಂಡತಿ, ದೊಡ್ಡ ಮಗು, ಸಣ್ಣ ಮಗು ಎಂದು ಬೆರಳು ಮಡಚಿದರು. ಅಷ್ಟರಲ್ಲಿ ವಾರಿಜಾ, “ಇಲ್ಲಿಯ ಸಾರಿನ ಪರಿಮಳವೇ ಸರಿ ಇಲ್ಲ” ಎಂದರು. ಇಮ್ಯಾನುಯೆಲ್ ಎದ್ದು ಕೈ ತೊಳೆದು ಬಂದರು.

ಎಲ್ಲರಿಗೂ ತುಳು ಬರುತ್ತಿತ್ತು. ಆದರೆ ವಿಷಯ ಕಚೇರಿಯದ್ದಾದ್ದರಿಂದ ಮಾತುಕತೆ ಕನ್ನಡದಲ್ಲೇ ನಡೆಯಿತು.

“ನೀವು ಐದೂ ಜನ ಒಂದೇ ಕುಟುಂಬವಾ?”

“ಹೌದು ಸಾರ್,” ಎಂದರು ದೇವದಾಸ. “ಎಂತ ತಪ್ಪಾಯ್ತು?”

“ತಪ್ಪೇನಿಲ್ಲ. ಇಲ್ಲಿ ಒಂದು ಸಹಿ ಹಾಕಿ, ಕೂತ್ಕೊಳ್ಳಿ.”

ಪ್ಲಾಸ್ಟಿಕ್ ಬಿಚ್ಚಲಾಯಿತು. ಹರ್ಷಿತ್ ಕುರ್ಚಿ ಏರಿದ ಕೂಡಲೇ ಮಜ್ಜಿಗೆಯ ಲೋಟ ಚೆಲ್ಲಿದ. ನಿಯಮ ಹದಿನೆಂಟರ ಪ್ರಕಾರ ಮಗು ಒಂದು ಲೋಟ ಚೆಲ್ಲಬೇಕು, ಬಡಿಸುವವರು ಮುಖ ಗಂಟಿಕ್ಕಬಾರದು. ಬಡಿಸುವವರ ಮುಖವನ್ನು ಇಮ್ಯಾನುಯೆಲ್ ಅರ್ಧ ನಿಮಿಷ ಗಮನಿಸಿ, ‘ಗಂಟಿಲ್ಲ’ ಎಂದು ಬರೆದುಕೊಂಡರು. ವಾರಿಜಾ ಸಾರಿಗೆ ಉಪ್ಪು ಸಾಲದು, ಪಲ್ಯಕ್ಕೆ ಹೆಚ್ಚಾಯ್ತು ಎಂದರು. ಅದನ್ನೂ ದಾಖಲಿಸಲಾಯಿತು. ಸಂಜೆಯೊಳಗೆ ಪ್ರಖ್ಯಾತ್ ಅವರ ಹೋಟೆಲಿಗೆ ಫಲಕ ಸಿಕ್ಕಿತು. ದೇವದಾಸರ ಕುಟುಂಬಕ್ಕೆ ನಿಯೋಜನೆಯ ಆದೇಶ ಸಿಕ್ಕಿತು.

ಅಲ್ಲಿಂದ ಪ್ರತಿ ಶನಿವಾರ, ಭಾನುವಾರ ಕುಟುಂಬ ಊಟಕ್ಕೆ ಹೊರಟಿತು. ಕಾಪುವಿನ ಕಡಲಬದಿಯ ಹೋಟೆಲು, ಪಡುಬಿದ್ರಿಯ ಹೆದ್ದಾರಿ ಹೋಟೆಲು, ಹಿರಿಯಡ್ಕ, ಕಾರ್ಕಳ – ಒಂದನ್ನೂ ಬಿಡಲಿಲ್ಲ. ಒಂದೇ ತಿಂಗಳಲ್ಲಿ ಕುಟುಂಬದ ಫೋಟೋ ಎಲ್ಲ ಹೋಟೆಲುಗಳ ಕ್ಯಾಶ್ ಕೌಂಟರಿನ ಹಿಂದೆ ಅಂಟಿಕೊಂಡಿತು. ದೇವದಾಸರಿಗೆ ಎರಡನೆಯ ಸಲ ಪಾಯಸ, ಅಜ್ಜಿಗೆ ಬೆನ್ನಿಗೆ ದಿಂಬು, ಮಕ್ಕಳಿಗೆ ಬಣ್ಣದ ಬಲೂನು. ಬೇರೆ ಮಕ್ಕಳು ಬಲೂನು ಕೇಳಿದರೆ, “ಅದು ಕುಟುಂಬಕ್ಕೆ” ಎಂದು ಹೇಳುತ್ತಿದ್ದರು.

ಬೇರೆ ಕುಟುಂಬಗಳು ಬಾಗಿಲಲ್ಲೇ ಉಳಿದವು. ಕಿಟಕಿ ಪಕ್ಕದ ದೊಡ್ಡ ಮೇಜಿನ ಮೇಲೆ ‘ಕುಟುಂಬಕ್ಕೆ ಕಾದಿರಿಸಿದೆ’ ಎಂಬ ಚೀಟಿ ವಾರವಿಡೀ ಇರುತ್ತಿತ್ತು. ನಾವೂ ಕುಟುಂಬವೇ ಎಂದು ಯಾರಾದರೂ ಅಂದರೆ, ಮ್ಯಾನೇಜರು ಫೋಟೋ ನೋಡಿ, ಅವರ ಮುಖ ನೋಡಿ, ಹೊಂದುವುದಿಲ್ಲ ಎನ್ನುತ್ತಿದ್ದರು. ಈ ಬಗ್ಗೆ ಕೋಶಕ್ಕೆ ಬಂದ ದೂರುಗಳಿಗೆ, ‘ಹೋಟೆಲುಗಳು ಕುಟುಂಬಸ್ನೇಹಿಯಾಗಿರುವುದನ್ನು ಕುಟುಂಬವೇ ಖುದ್ದಾಗಿ ಪರಿಶೀಲಿಸಿ ಖಚಿತಪಡಿಸಿದೆ’ ಎಂದು ಲಿಖಿತ ಉತ್ತರ ಹೋಯಿತು.

ಇಮ್ಯಾನುಯೆಲ್ ಬದಲಾಗಿದ್ದರು. ಈಗ ಅವರು ಆರನೆಯವರಾಗಿ ದೊಡ್ಡ ಮೇಜಿನಲ್ಲಿ ಕೂರುತ್ತಿದ್ದರು. ಹರ್ಷಿತ್‌ನ ದೋಸೆಯನ್ನು ಸಣ್ಣ ಸಣ್ಣ ತುಂಡು ಮಾಡಿ ಕೊಡುವುದನ್ನು ಕಲಿತಿದ್ದರು. ಒಂದು ಭಾನುವಾರ ಪಡುಬಿದ್ರಿಯಲ್ಲಿ ಅವನು ಅವರ ತೊಡೆಯ ಮೇಲೆಯೇ ನಿದ್ದೆ ಹೋದಾಗ, ತಪಾಸಣೆ ಮುಗಿದ ಮೇಲೂ ಮುಕ್ಕಾಲು ಗಂಟೆ ಅಲುಗಾಡದೆ ಕೂತರು. ಆ ಮುಕ್ಕಾಲು ಗಂಟೆಯನ್ನು ವರದಿಯಲ್ಲಿ ‘ಇತರೆ’ ಎಂದು ತೋರಿಸಿದರು.

ಬದಲಾದವರಲ್ಲಿ ಪ್ರಣೀತಾ ಕೂಡ ಒಬ್ಬಳು. ಮೊದಲು ಮನೆಯಲ್ಲಿ ದಿನಕ್ಕೆರಡು ಸಲ ನೀರು ಚೆಲ್ಲುತ್ತಿದ್ದವಳು ಈಗ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯುತ್ತಿದ್ದಳು. ಸ್ವರ್ಣಲತಾ ಕೇಳಿದ್ದಕ್ಕೆ, “ಇವತ್ತು ರಜೆ ಅಲ್ವಾ ಅಮ್ಮ, ಚೆಲ್ಲುವುದು ಶನಿವಾರ” ಎಂದಳು.

ಮುಂದಿನ ತೊಡಕು ಹರ್ಷಿತ್‌ಗೆ ಐದು ತುಂಬಿದ್ದು. ಪೂರ್ವಾನುಮತಿ ಪಡೆಯದೆ ಐದು ತುಂಬಿದ್ದರಿಂದ ‘ಐದು ತುಂಬದ ಮಗು’ ಎಂಬ ಹುದ್ದೆ ತೆರವಾಗಿ, ತಪಾಸಣೆಗಳು ನಿಲ್ಲುವ ಪರಿಸ್ಥಿತಿ ಬಂತು. ಇಮ್ಯಾನುಯೆಲ್ ರಾತ್ರಿ ಹಗಲು ಯೋಚಿಸಿ ಒಂದು ಆದೇಶ ಹೊರಡಿಸಿದರು: ‘ಸದರಿ ಮಗುವಿನ ವಯಸ್ಸನ್ನು ಮುಂದಿನ ಆದೇಶದವರೆಗೆ ನಾಲ್ಕು ಎಂದು ಪರಿಗಣಿಸತಕ್ಕದ್ದು.’ ಪ್ರತಿಯನ್ನು ಮಾಹಿತಿಗಾಗಿ ಶಾಲೆಗೂ ಕಳಿಸಿದರು. ಶಾಲೆಯಲ್ಲಿ ಐದು ತುಂಬದವರನ್ನು ಯುಕೆಜಿಗೆ ಸೇರಿಸುವ ಕ್ರಮ ಇರಲಿಲ್ಲ. ಸ್ವರ್ಣಲತಾ ಜನನ ಪ್ರಮಾಣಪತ್ರ ಹಿಡಿದುಕೊಂಡು ಹೋದರು. ಮುಖ್ಯೋಪಾಧ್ಯಾಯಿನಿ ಎರಡೂ ಕಾಗದಗಳನ್ನು ಪಕ್ಕದಲ್ಲಿಟ್ಟು ನೋಡಿ, “ಇದು ಐದು ವರ್ಷ ಹಳೆಯದು, ಇದು ಹೋದ ವಾರದ್ದು. ಹೊಸ ಆದೇಶವೇ ಊರ್ಜಿತ ಅಲ್ವಾ?” ಎಂದರು. ಹರ್ಷಿತ್ ತನ್ನ ಜೊತೆಯವರೆಲ್ಲ ಪಕ್ಕದ ಕೋಣೆಗೆ ಹೋಗುವುದನ್ನು ನೋಡುತ್ತಾ ಎಲ್‌ಕೆಜಿಯ ಬೆಂಚಿನಲ್ಲೇ ಕೂತ. ಮನೆಗೆ ಬಂದವನು, “ಅಮ್ಮ, ನಾನು ದೊಡ್ಡವನಾಗಲಿಕ್ಕೆ ಇಲ್ವಾ?” ಎಂದು ಕೇಳಿದ.

ಮರುದಿನವೇ ಸ್ವರ್ಣಲತಾ ಮಣಿಪಾಲದ ಕಚೇರಿಯ ಮೆಟ್ಟಿಲು ಹತ್ತಿದರು.

“ನಮಗೆ ಸಾಕು ಸಾರ್. ಬಿಟ್ಟುಬಿಡಿ.”

ಇಮ್ಯಾನುಯೆಲ್ ಪೆನ್ನು ಕೆಳಗಿಟ್ಟರು. “ಎಂತ ತೊಂದರೆ? ಊಟ ಸರಿಯಾಗ್ತಾ ಇಲ್ವಾ?”

“ಊಟ ಎಲ್ಲ ಸರಿ ಉಂಟು. ಮಕ್ಕಳು ಮಕ್ಕಳ ಹಾಗೆ ಇಲ್ಲ. ಇವನು ಯುಕೆಜಿಗೆ ಹೋಗಬೇಕು. ಅವಳು ನಗುವುದಕ್ಕೆ ಮೊದಲು ನಿಮ್ಮ ಮುಖ ನೋಡ್ತಾಳೆ.”

ಇಮ್ಯಾನುಯೆಲ್ ನಿಯಮಾವಳಿ ತೆರೆದರು. ಅವರ ಬೆರಳು ಒಂದೇ ಸಾಲಿನ ಮೇಲೆ ಎರಡು ಸಲ ಓಡಿತು. “ಕುಟುಂಬ ಎಂಬುದು ಒಂದೇ ಹುದ್ದೆ. ಒಬ್ಬರು ಬಿಡಲಿಕ್ಕೆ ಆಗುವುದಿಲ್ಲ. ತಾಯಿಗೆ ರಜೆ ಬೇಕಾದರೆ ಬದಲಿ ತಾಯಿಯನ್ನು ಕೊಡಬೇಕು. ಪೂರ್ತಿ ಬಿಡುವುದಾದರೆ ಕುಟುಂಬದ ಯಜಮಾನರ ಸಹಿ ಬೇಕು.”

ಯಜಮಾನರು ಸಹಿ ಹಾಕಲಿಲ್ಲ. “ಪಾಯಸ ಬಿಡು, ಅದು ದೊಡ್ಡದಲ್ಲ,” ಎಂದರು ದೇವದಾಸ. “ಹೋಟೆಲಿನವರು ನಾನು ಬಂದ ಕೂಡಲೇ ಎದ್ದು ನಿಲ್ತಾರೆ. ನಮಗೆ ಇಷ್ಟು ಮರ್ಯಾದೆ ಬೇರೆ ಎಲ್ಲಿ ಉಂಟು ಹೇಳು?”

ಆ ವಾರ ಹರ್ಷಿತ್‌ನ ಕಿವಿಯನ್ನು ಮತ್ತೆ ತೋರಿಸಬೇಕಿತ್ತು. ಸ್ವರ್ಣಲತಾ ಮಕ್ಕಳಿಬ್ಬರನ್ನು ಕರೆದುಕೊಂಡು ಬಸ್ಸಿನಲ್ಲಿ ಬಂದರು. ಊಟದ ಹೊತ್ತಿಗೆ ಪ್ರಖ್ಯಾತ್ ಅವರ ಹೋಟೆಲಿಗೇ ಹೋದರು. ದೊಡ್ಡ ಮೇಜು ಖಾಲಿ ಇತ್ತು.

“ಅಕ್ಕ, ಯಜಮಾನರು ಎಲ್ಲಿ? ಅಜ್ಜಿ ಎಲ್ಲಿ? ಸಾರ್ ಎಲ್ಲಿ?”

“ಇವತ್ತು ನಾವು ಮೂರೇ ಜನ.”

ಪ್ರಖ್ಯಾತ್ ಬೇಸರದಿಂದ ತಲೆ ಅಲ್ಲಾಡಿಸಿದರು. “ಮೂರು ಜನ ಬಂದರೆ ಅದು ಕುಟುಂಬ ಅಲ್ಲ ಅಕ್ಕ, ಕುಟುಂಬದ ಒಂದು ಭಾಗ. ಒಳಗೆ ಬಿಟ್ಟರೆ ನನ್ನ ಫಲಕ ಹೋಗ್ತದೆ.”

“ಮಕ್ಕಳ ಹಸಿವು ಪೂರ್ತಿ ಉಂಟು ಮಾರಾಯ್ರೆ, ಭಾಗ ಅಲ್ಲ.”

“ಪಾರ್ಸೆಲ್ ಬೇಕಾದರೆ ಕೊಡ್ತೇನೆ. ಪಾರ್ಸೆಲಿಗೆ ಕುಟುಂಬ ಬೇಡ.”

ಪಾರ್ಸೆಲ್ ಹಿಡಿದುಕೊಂಡು ಅವರು ಹೋಟೆಲಿನ ಹಿಂದೆ ವಾಹನ ನಿಲ್ಲಿಸುವ ಜಾಗಕ್ಕೆ ಹೋದರು. ಅಲ್ಲಿ ಒಂದು ಹಲಸಿನ ಮರದ ನೆರಳಿತ್ತು. ನೆರಳಿನಲ್ಲಿ ಆಗಲೇ ಏಳೆಂಟು ಕುಟುಂಬಗಳು ಚಾದರ ಹಾಸಿ ಕೂತಿದ್ದವು – ಎಲ್ಲರೂ ಬಾಗಿಲಿಂದ ವಾಪಸು ಬಂದವರು. ಹಾಸನದ ಒಬ್ಬ ಹೆಂಗಸು ಸ್ವಲ್ಪ ಸರಿದು ಜಾಗ ಕೊಟ್ಟರು. ಒಂದು ಮಗು ದೊಡ್ಡ ಸ್ವರ ತೆಗೆದು ಅಳುತ್ತಿತ್ತು. ಯಾರೂ ತಿರುಗಿ ನೋಡಲಿಲ್ಲ. ಪ್ರಣೀತಾ ಹಾಸನದ ಹುಡುಗಿಯ ಜೊತೆ ಕಾರುಗಳ ನಡುವೆ ಓಡಿ, ಬಿದ್ದು, ಮೊಣಕಾಲಿಗೆ ಧೂಳು ಮಾಡಿಕೊಂಡು ಬಂದು, ನಗುತ್ತಾ ನೀರಿನ ಬಾಟಲಿಯನ್ನು ಒದ್ದು ಉರುಳಿಸಿದಳು. ಆ ದಿನ ಶನಿವಾರವಾಗಿರಲಿಲ್ಲ. ಸ್ವರ್ಣಲತಾ ಬೈಯದೆ ಬಾಟಲಿಯನ್ನು ಎತ್ತಿ ನಿಲ್ಲಿಸಿದರು. ಆರೇಳು ತಿಂಗಳಲ್ಲಿ ಮೊದಲ ಬಾರಿ ಅವರು ಹೊಟ್ಟೆ ತುಂಬ ಉಂಡರು.

ಮುಂದಿನ ಶನಿವಾರ ಕುಟುಂಬ ತಪಾಸಣೆಗೆ ಹಾಜರಾಗಲಿಲ್ಲ. ಮರದಡಿಯ ಊಟಕ್ಕೆ ಬರುವಂತೆ ಸ್ವರ್ಣಲತಾ ಅತ್ತೆಯನ್ನು ಒಪ್ಪಿಸಿದ್ದರು. ಅತ್ತೆ ಹೊರಟ ಮೇಲೆ ದೇವದಾಸರಿಗೆ ವ್ಯಾನು ಹೊರಡಿಸದೆ ಬೇರೆ ದಾರಿ ಇರಲಿಲ್ಲ. ಅನುಮತಿಯಿಲ್ಲದ ಗೈರುಹಾಜರಿಯ ಬಗ್ಗೆ ನೋಟೀಸು ಹಿಡಿದುಕೊಂಡು ಇಮ್ಯಾನುಯೆಲ್ ಊರೆಲ್ಲ ಹುಡುಕಿ, ಕೊನೆಗೆ ಆ ಹಲಸಿನ ಮರದ ಬುಡಕ್ಕೆ ಬಂದರು. ಅಷ್ಟು ಹೊತ್ತಿಗೆ ಸುದ್ದಿ ಹಬ್ಬಿ ಅಲ್ಲಿ ನಲವತ್ತು ಕುಟುಂಬಗಳಿದ್ದವು.

ಅವರು ನೋಟೀಸು ಕೊಡಲು ಕೈ ಚಾಚಿದರು. ವಾರಿಜಾ ಆ ಕೈಗೆ ಬಾಳೆಹಣ್ಣಿನ ಒಂದು ಬನ್ಸ್ ಇಟ್ಟರು. “ಎಷ್ಟು ಹೊತ್ತು ನಿಲ್ತೀರಿ ಮಾರಾಯ್ರೆ, ಕೂತ್ಕೊಳ್ಳಿ. ಬಿಸಿ ಉಂಟು.”

ಇಮ್ಯಾನುಯೆಲ್ ಚಾದರದ ಅಂಚಿನಲ್ಲಿ ಕೂತು ಬನ್ಸ್ ತಿಂದರು. ತಿಂದಾದ ಮೇಲೆ, ರೂಢಿಯಂತೆ, ನಮೂನೆ ತೆಗೆದು ತುಂಬಿಸತೊಡಗಿದರು. ಮಕ್ಕಳಿಗೆ ಓಡಾಡಲು ಜಾಗ: ಇದೆ. ಗದರಿಸುವ ಸಿಬ್ಬಂದಿ: ಸಿಬ್ಬಂದಿಯೇ ಇಲ್ಲ. ಪ್ರವೇಶದಲ್ಲಿ ತಡೆ: ಬಾಗಿಲಿಲ್ಲ. ಊಟದ ಬಗ್ಗೆ ಹಿರಿಯರ ಆಕ್ಷೇಪ: ಎರಡು ಸಲ ಕೇಳಿದರೂ ಬರಲಿಲ್ಲ. ನಲವತ್ತೊಂದಕ್ಕೆ ನಲವತ್ತೊಂದು. ಕೋಶದ ಚರಿತ್ರೆಯಲ್ಲಿ ಯಾವ ಹೋಟೆಲಿಗೂ ಇಷ್ಟು ಅಂಕ ಬಂದಿರಲಿಲ್ಲ. ಸೋಮವಾರ, ವಾಹನ ನಿಲ್ಲಿಸುವ ಜಾಗಕ್ಕೆ ಅತ್ಯುನ್ನತ ದರ್ಜೆಯ ಫಲಕ ಮಂಜೂರಾಯಿತು. ಕುಟುಂಬಗಳು ಸ್ಥಳದಲ್ಲೇ ಧಾರಾಳವಾಗಿ ಲಭ್ಯವಿರುವುದರಿಂದ ದೇವದಾಸರ ಕುಟುಂಬವನ್ನು ಕರ್ತವ್ಯದಿಂದ ಬಿಡುಗಡೆ ಮಾಡಲಾಯಿತು. ಹರ್ಷಿತ್‌ಗೆ ಹಿಂದಿನ ದಿನಾಂಕದಿಂದ ಜಾರಿಗೆ ಬರುವಂತೆ ಐದು ವರ್ಷ ತುಂಬಿಸಲಾಯಿತು. ಮೂರನೆಯ ದಿನ ದೇವದಾಸರು, ವ್ಯಾನಿನ ಮಕ್ಕಳು ಎದ್ದು ನಿಂತು ನಮಸ್ಕಾರ ಹೇಳುವಂತೆ ಒಂದು ನಿಯಮ ಮಾಡಿದರು. ಇಮ್ಯಾನುಯೆಲ್ ಈಗ ಭಾನುವಾರಗಳಲ್ಲಿ ನಮೂನೆ ಇಲ್ಲದೆ ಬಂದು ಅವರ ಚಾದರದಲ್ಲೇ ಕೂರುತ್ತಾರೆ.

ಪ್ರಖ್ಯಾತ್ ವ್ಯವಹಾರ ಬಲ್ಲವರು. ಫಲಕ ಬಂದ ಮರುದಿನವೇ ಮರದ ಕೆಳಗೆ ನಲವತ್ತು ಮೇಜು ಹಾಕಿಸಿದರು. ಆಗ ಗ್ರಾಹಕರ ಕಾರುಗಳಿಗೆ ಜಾಗ ಇಲ್ಲದಾಯಿತು. ಒಳಗಿನ ಎಸಿ ಹಾಲ್ ಹೇಗೂ ಖಾಲಿ ಬಿದ್ದಿತ್ತು. ಮೆಟ್ಟಿಲಿಗೆ ಸಿಮೆಂಟ್ ಇಳಿಜಾರು ಮಾಡಿಸಿ, ಬಾಗಿಲು ಅಗಲಿಸಿ, ಕಾರುಗಳನ್ನು ಒಳಗೆ ಬಿಟ್ಟರು. ಕಾಪು, ಪಡುಬಿದ್ರಿ, ಹಿರಿಯಡ್ಕದ ಹೋಟೆಲಿನವರು ಬಂದು ನೋಡಿ, ಅಳತೆ ತೆಗೆದುಕೊಂಡು ಹೋದರು. ಈಗ ಎಲ್ಲ ಕಡೆಯೂ ಇದೇ ಪದ್ಧತಿ. ಮಳೆಗಾಲಕ್ಕೆ ಮೇಜಿಗೊಂದು ಕೊಡೆ ಕೊಡುತ್ತಾರೆ. ಮಕ್ಕಳಿಗೆ ಅದರಿಂದ ಖುಷಿ.

ಮೊನ್ನೆ ದಾವಣಗೆರೆಯಿಂದ ಮೂರು ಮಕ್ಕಳನ್ನು ಕರೆದುಕೊಂಡು ಬಂದ ಒಬ್ಬರು, ಕಾರಿನ ಗಾಜು ಇಳಿಸಿ ಪ್ರಖ್ಯಾತ್ ಅವರನ್ನು ಕೇಳಿದರು.

“ಫ್ಯಾಮಿಲಿಗೆ ಒಳಗ ಜಾಗ ಐತೇನ್ರಿ?”

“ಒಳಗೆ ಕಾರು ಮಾತ್ರ ಸಾರ್. ಫ್ಯಾಮಿಲಿ ಹೊರಗೆ.”

“ಏಸಿ?”

“ಕಾರಿಗೆ ಉಂಟು.”

ಅವರು ಹಾಲಿನೊಳಗೆ ಸಾಲಾಗಿ, ತಂಪಾಗಿ ನಿಂತ ಕಾರುಗಳನ್ನು ನೋಡಿದರು.

“ಛಲೋ ಆತು ಬಿಡ್ರಿ, ಬಿಸಿಲಿಗೆ ಬಣ್ಣ ಹೋಗೂದಿಲ್ಲ,” ಎಂದು ಮಕ್ಕಳನ್ನು ಕೆಳಗಿಳಿಸಿದರು.