ಅಜ್ಜಿ ಕೊಟ್ಟ ಡಬ್ಬಿ

ಮೈಯಿಂದ ಹೊರಬರುವ ವಸ್ತುಗಳಲ್ಲೂ ಮೇಲುಕೀಳುಗಳಿವೆ. ರಕ್ತ ಕೊಟ್ಟವರು ಫೋಟೊ ತೆಗೆಸಿಕೊಳ್ಳುತ್ತಾರೆ, ಬೆವರನ್ನು ಭಾಷಣಗಳಲ್ಲಿ ಹೊಗಳುತ್ತಾರೆ. ಎಂ.ಎಸ್ಸಿ. ಮುಗಿಸಿ, ಕೊಟ್ಟೂರಿನ ಲ್ಯಾಬೊಂದರಲ್ಲಿ ನಾನು ದಿನವೂ ಪರೀಕ್ಷಿಸುವ ಇನ್ನೊಂದು ವಸ್ತುವಿನ ಹೆಸರನ್ನು ಮಾತ್ರ ಯಾರೂ ಎತ್ತುವುದಿಲ್ಲ. ಗಂಡಿನ ಕಡೆಯವರು ಬಂದಾಗ ಅವ್ವ, "ರಕ್ತ ಟೆಸ್ಟ್ ಮಾಡ್ತಾಳ್ರಿ" ಎಂದಷ್ಟೇ ಹೇಳಿ ಉಪ್ಪಿಟ್ಟಿನ ತಟ್ಟೆಯನ್ನು ಮುಂದೆ ಸರಿಸುತ್ತಾಳೆ. ನಾನೂ ತಿದ್ದುವುದಿಲ್ಲ. ಡಬ್ಬಿ ತರುವವರು ಅದನ್ನು ಸೀರೆ ಅಂಗಡಿಯ ಚೀಲದಲ್ಲಿ ಸುತ್ತಿ ತಂದು, ಗೋಡೆ ನೋಡುತ್ತಾ, "ನಮ್ದಲ್ರಿ, ಬಾಜು ಮನಿಯವರ್ದು" ಎನ್ನುತ್ತಾರೆ. ನಾನು ಗಂಭೀರವಾಗಿ ತಲೆಯಾಡಿಸುತ್ತೇನೆ.

ನಮ್ಮ ಅಜ್ಜಿ ಬಸಮ್ಮ, ಅಪ್ಪನ ತಾಯಿ, ತೆಲಿಗಿಯವಳು. ಲಿಂಗಪೂಜೆಯಾಗದೆ ನೀರು ಮುಟ್ಟುತ್ತಿರಲಿಲ್ಲ. ನಾನು ಕೆಲಸದಿಂದ ಬಂದ ಕೂಡಲೇ ಬಚ್ಚಲಿನ ಕಡೆ ಕೈ ತೋರಿಸಿ, "ಮೊದ್ಲು ನೀರ್ ಹಾಕ್ಕೊ, ಏನೇನು ಮುಟ್ಟಿ ಬಂದೀಯೋ ತಾಯಿ" ಎನ್ನುತ್ತಿದ್ದಳು. ಮಿಂದು ಬಂದರೆ ತಾನೇ ಬೆಣ್ಣೆ ಸವರಿ ರೊಟ್ಟಿ ಕೊಡುತ್ತಿದ್ದಳು. ಕಳೆದ ಬೇಸಿಗೆಯಲ್ಲಿ ಅವಳಿಗೆ ಭೇದಿ ಶುರುವಾಯಿತು. ಯಾರಿಗೂ ಹೇಳಲಿಲ್ಲ. ಜ್ವರವೇರಿ, ರಕ್ತ ಹೋಗಿ, ಬಚ್ಚಲಲ್ಲಿ ಕುಸಿದಾಗಲೇ ನಮಗೆ ಗೊತ್ತಾದದ್ದು. ಆಸ್ಪತ್ರೆಯಲ್ಲಿ ಡಾಕ್ಟರು ಡ್ರಿಪ್ ಹಚ್ಚಿ, "ಔಷಧ ಶುರು ಮಾಡಾಕಿಂತ ಮೊದ್ಲು ಸ್ಯಾಂಪಲ್ ತಗೊಳ್ರಿ. ಯಾವ ಕ್ರಿಮಿ ಅಂತ ಗೊತ್ತಾದ್ರ ಸರಿಯಾದ ಔಷಧ ಕೊಡಬಹುದು" ಎಂದರು. ಎಲ್ಲ ಭೇದಿಗೂ ಈ ಪರೀಕ್ಷೆ ಬೇಕಿಲ್ಲ. ಅಜ್ಜಿಯದಕ್ಕೆ ಬೇಕಿತ್ತು.

ನಾನು ಡಬ್ಬಿ ಚಾಚಿದೆ.

"ಯಾರು ನೋಡ್ತಾರ ಅದನ್ನ?"

"ನಾನ, ಅಜ್ಜಿ."

"ಛೀ, ಹೋಗ್ಲೇ! ಎತ್ತಿ ಆಡಿಸಿದ ಮೊಮ್ಮಗಳ ಕೈಗೆ ಇದನ್ನ ಕೊಡ್ಲೇನು?"

"ನಾನು ಸಣ್ಣಾಕಿದ್ದಾಗ ನನ್ನದನ್ನ ನೀನು ಬಳದಿಲ್ಲೇನು?"

"ಅದು ಬ್ಯಾರೆ. ಕೂಸಿಂದು ಹೊಲಸಲ್ಲ."

ಕೊನೆಗೆ ಅವ್ವನ ತೋಳು ಹಿಡಿದು ಆಸ್ಪತ್ರೆಯ ಬಚ್ಚಲಿಗೆ ಹೋಗಿಬಂದಳು. ಡಬ್ಬಿಯನ್ನು ಒರೆಸಿ, ಒಗೆದ ಬಟ್ಟೆಯಲ್ಲಿ ಕಟ್ಟಿ ನನ್ನ ಕೈಗಿಟ್ಟಳು. ಇನ್ನು ಕಾಯುವಂತಿರಲಿಲ್ಲವಾದ್ದರಿಂದ ಡಾಕ್ಟರು ಆಗಲೇ ಅಂದಾಜಿನ ಮೇಲೆ ಔಷಧ ಏರಿಸತೊಡಗಿದರು. ನಾನು ಲ್ಯಾಬಿಗೆ ಹೋಗಿ ಮುಚ್ಚಳ ತೆರೆದರೆ ಘಮ್ಮೆಂದು ಫಿನಾಯಿಲ್ ವಾಸನೆ. ಓಡಿಬಂದು ಕೇಳಿದೆ. ಅಜ್ಜಿ ನಕ್ಕಳು. "ಬಚ್ಚಲದಾಗ ಬಾಟ್ಲಿ ಇತ್ತು, ಸ್ವಲ್ಪ ಹಾಕೀನಿ. ನಿನಗ ನಾತ ಬಡೀಬಾರ್ದಂತ."

ಫಿನಾಯಿಲ್ ಬಿದ್ದರೆ ಕ್ರಿಮಿ ಉಳಿಯುವುದಿಲ್ಲ. ಇರಲಿ ಎಂದು ಕ್ರಿಮಿ ಬೆಳೆಯಲು ಇಟ್ಟೆ. ಏನೂ ಬೆಳೆಯಲಿಲ್ಲ, ಗಾಜಿನ ತಟ್ಟೆ ಅಜ್ಜಿಯ ಪೂಜೆಯ ಕೋಣೆಯಷ್ಟು ಸ್ವಚ್ಛವಾಗಿತ್ತು. ಮತ್ತೆ ಸ್ಯಾಂಪಲ್ ತೆಗೆದುಕೊಂಡೆ. ಆ ಹೊತ್ತಿಗೆ ಮೈಯಲ್ಲಿ ಔಷಧ ಸೇರಿತ್ತು, ಅದರಲ್ಲೂ ಏನೂ ಕಾಣಲಿಲ್ಲ. ಅಂದಾಜಿನ ಔಷಧ ಕೈಕೊಟ್ಟಿತು, ಅಜ್ಜಿ ಉಳಿಯಲಿಲ್ಲ. ಮಾತಾಡಿಸಲು ಬಂದವರು, "ಏನಾಗಿತ್ರಿ?" ಎಂದು ಕೇಳಿದರೆ ಅವ್ವ, "ವಯಸ್ಸಾಗಿತ್ರಿ" ಎನ್ನುತ್ತಿದ್ದಳು. ಆಗಲೂ ನಾನು ತಿದ್ದಲಿಲ್ಲ. ತಿದ್ದಲು ನನಗಾದರೂ ಏನು ಗೊತ್ತಿತ್ತು?

ಈಚೆಗೆ ನನಗೇ ಜ್ವರ, ಭೇದಿ. ರಕ್ತವೂ ಕಾಣಿಸಿತು. ನಮ್ಮ ಲ್ಯಾಬಿನಲ್ಲೇ ಪರೀಕ್ಷೆ ಮಾಡಿಸಬಹುದಿತ್ತು. ಆದರೆ ಜೊತೆಗೆ ಕೂತು ಊಟ ಮಾಡುವವರ ಕೈಗೆ ಇದನ್ನು ಕೊಡುವುದು ಹೇಗೆ? ಡಬ್ಬಿಯನ್ನು ಸೀರೆ ಅಂಗಡಿಯ ಚೀಲದಲ್ಲಿ ಸುತ್ತಿ, ಹೊಟ್ಟೆ ಹಿಡಿದುಕೊಂಡು ಹಗರಿಬೊಮ್ಮನಹಳ್ಳಿಯ ಬಸ್ಸು ಹತ್ತಿದೆ. ಅಲ್ಲಿನ ಲ್ಯಾಬಿನಲ್ಲಿ ಕಿಟಕಿಯಾಚೆ ಕೂತವನು ಹೆಸರು ಕೇಳಿದ. ನಾನು ಗೋಡೆ ನೋಡುತ್ತಾ, "ಬಸಮ್ಮ" ಎಂದೆ. ವಯಸ್ಸು ಹೇಳಿದ ಮೇಲೆ ಅವನು ತಲೆಯೆತ್ತಿದ. "ಈಗಿನವರಿಗೆ ಇಂಥ ಹೆಸ್ರು ಇಡ್ತಾರೇನ್ರಿ?"

"ನಮ್ಮಜ್ಜಿದ್ರಿ."

"ಇದ್ರಾಗ ಏನೂ ಹಾಕಿಲ್ಲ ಹೌದಲ್ರಿ?"

"ಇಲ್ರಿ" ಎಂದೆ.

ಎರಡು ದಿನ ಬಿಟ್ಟು ಬಸಮ್ಮನ ವರದಿ ಬಂತು. ಕ್ರಿಮಿ ಸಿಕ್ಕಿತ್ತು, ಅದು ಯಾವ ಔಷಧಕ್ಕೆ ಬಗ್ಗುತ್ತದೆ ಎಂಬುದೂ ಇತ್ತು. ಅಜ್ಜಿಯ ಹೆಸರಿಗೆ ಬಂದ ಔಷಧ ನುಂಗಿ ನಾನು ಹುಷಾರಾದೆ.