ಬುಧವಾರ ಡಾಕ್ಟರ್ ಇರುವುದಿಲ್ಲ

ಬೇರೆಯವರಿಗೆ ಧೈರ್ಯ ಹೇಳುವುದನ್ನೇ ಹೊಟ್ಟೆಪಾಡು ಮಾಡಿಕೊಂಡವರಲ್ಲಿ ನನ್ನಂಥ ಪುಕ್ಕಲ ಇನ್ನೊಬ್ಬ ಇರಲಾರ. ಹೇರೋಹಳ್ಳಿಯ ನನ್ನ ಕ್ಲಿನಿಕ್ಕಿನಲ್ಲಿ ಕೂತು ಹನ್ನೊಂದು ವರ್ಷಗಳಿಂದ ಬಂದವರಿಗೆಲ್ಲ ‘ಏನೂ ಆಗಲ್ಲ, ಹೆದರ್ಕೋಬೇಡಿ’ ಎನ್ನುತ್ತಿದ್ದೇನೆ. ಅವರು ನಂಬಿ ಎದ್ದು ಹೋಗುತ್ತಾರೆ. ಅದೇ ಮಾತನ್ನು ಕನ್ನಡಿ ಮುಂದೆ ನಿಂತು ನನಗೇ ಹೇಳಿಕೊಂಡರೆ ಮಾತ್ರ ನಂಬಿಕೆ ಬರುವುದಿಲ್ಲ. ಹಾಗೆ ಹೇಳಿಕೊಳ್ಳುವ ಪ್ರಸಂಗ ಮೊನ್ನೆ ಬಂತು. ಕೆಂಗೇರಿಯಾಚೆಯ ಒಂದು ಮೆಡಿಕಲ್ ಕಾಲೇಜಿನಿಂದ ಸೀನಿಯರ್ ರೆಸಿಡೆಂಟ್ ಕೆಲಸದ ಸಂದರ್ಶನಕ್ಕೆ ನನಗೆ ಕರೆ ಬಂದಿತ್ತು. ಬುಧವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ.

ಎಂ.ಡಿ. ಮುಗಿಸಿದವರು ಕಾಲೇಜಿನಲ್ಲಿ ಮೇಷ್ಟರಾಗಬೇಕಾದರೆ ಮೊದಲು ಈ ರೆಸಿಡೆಂಟ್ ಕೆಲಸ ಮಾಡಿರಬೇಕು. ನನ್ನ ಜೊತೆಯವರೆಲ್ಲ ಮೀಸೆ ಕಪ್ಪಗಿದ್ದಾಗಲೇ ಮಾಡಿ ಮುಗಿಸಿದರು. ನಾನು ‘ಮುಂದಿನ ವರ್ಷ ನೋಡೋಣ’ ಎಂದು ಕ್ಲಿನಿಕ್ ತೆರೆದೆ. ಪಾಠ ಹೇಳುವ ಆಸೆ ಮಾತ್ರ ಹೋಗಲಿಲ್ಲ. ಕೆಮ್ಮು ಎಂದು ಬಂದವರಿಗೂ ಚೀಟಿಯ ಹಿಂದೆ ಶ್ವಾಸಕೋಶದ ಚಿತ್ರ ಬರೆದು ವಿವರಿಸುತ್ತೇನೆ. ಅವರು ತಾಳ್ಮೆಯಿಂದ ಎಲ್ಲವನ್ನೂ ಕೇಳಿ, “ಮಾತ್ರೆ ಊಟಕ್ಕೆ ಮುಂಚೆನಾ, ಆಮೇಲಾ ಸಾರ್?” ಎನ್ನುತ್ತಾರೆ. ಮುಂದಿನ ತಿಂಗಳು ನಾನು ಆ ಕಾಲೇಜಿನವರ ವಯೋಮಿತಿ ದಾಟುತ್ತೇನೆ. ಈ ಬುಧವಾರ ತಪ್ಪಿತೆಂದರೆ ನನ್ನ ಮೇಷ್ಟರುಗಿರಿ ಚೀಟಿಯ ಹಿಂದೆಯೇ ಮುಗಿಯಬೇಕು.

ಇಷ್ಟು ಗೊತ್ತಿದ್ದೂ ಕೈಕಾಲು ಆಡಲಿಲ್ಲ. ಸಂದರ್ಶನ ಮಾಡುವ ವಿಭಾಗದ ಮುಖ್ಯಸ್ಥ ರಮೇಶ ಹಾಸ್ಟೆಲ್ಲಿನಲ್ಲಿ ನನಗಿಂತ ಎರಡು ವರ್ಷ ಚಿಕ್ಕವನು. ರಕ್ತನಾಳ ಹುಡುಕಿ ಸೂಜಿ ಹಾಕುವುದನ್ನು ಅವನಿಗೆ ಹೇಳಿಕೊಟ್ಟವನೇ ನಾನು. ಈಗ ಅವನು ಮೇಜಿನ ಆ ಕಡೆ ಕೂತು ಪ್ರಶ್ನೆ ಕೇಳುತ್ತಾನೆ, ನಾನು ಈ ಕಡೆ ಬೆವರಬೇಕು. ಓದಿಕೊಳ್ಳೋಣವೆಂದರೆ, ಹಳೆಯ ದಪ್ಪ ಪುಸ್ತಕ ಕ್ಲಿನಿಕ್ಕಿನ ಅಲುಗಾಡುವ ಬೀರುವಿನ ಕಾಲಿಗೆ ಆಸರೆಯಾಗಿ ಕೂತಿತ್ತು. ಎಳೆದರೆ ಬೀರು ಬೀಳುತ್ತದೆ ಎಂದು ಅದನ್ನೂ ಬಿಟ್ಟೆ.

ಒಬ್ಬ ಡಾಕ್ಟರು ಹೇಳಿದ್ದು ಹಿಡಿಸಲಿಲ್ಲವೆಂದು ಇನ್ನೊಬ್ಬರ ಹತ್ತಿರ, ಅಲ್ಲಿಂದ ಮತ್ತೊಬ್ಬರ ಹತ್ತಿರ ಅಲೆಯುವ ರೋಗಿಗಳನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆ ವಾರ ನಾನು ಮಾಡಿದ್ದೂ ಅದೇ. ಹೆಂಡತಿ ಸುಧಾ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. “ಹೋಗಿ ಬನ್ನಿ. ಸಿಕ್ಕಿದ್ರೆ ಆಮೇಲೆ ಯೋಚನೆ ಮಾಡೋಣ, ಸಿಗದಿದ್ರೆ ಯೋಚನೇನೇ ಇಲ್ಲ” ಎಂದಳು. ಇಷ್ಟು ಸರಳವಾದ ಪರಿಹಾರ ನನಗೆ ಸಮಾಧಾನ ಕೊಡಲಿಲ್ಲ. ಕೊನೆಗೆ ಕ್ಲಿನಿಕ್ಕಿನ ಪಕ್ಕದ ಮೆಡಿಕಲ್ ಸ್ಟೋರಿನ ನಾಗರಾಜುವನ್ನು ಕೇಳಿದೆ. ಅವನು ಮುಖ ಸಪ್ಪಗೆ ಮಾಡಿಕೊಂಡು, “ಈ ವಯಸ್ಸಲ್ಲಿ ಯಾಕೆ ಸಾರ್ ನಿಮಗೆ ಆ ತಲೆನೋವು? ನೀವು ಹೋದ್ರೆ ಇಲ್ಲಿ ಜನರ ಗತಿಯೇನು?” ಎಂದ. ನಾನಿಲ್ಲದಿದ್ದರೆ ಮೊದಲು ಗತಿಗೆಡುವುದು ಅವನ ಅಂಗಡಿ ಎಂಬುದು ನನಗೂ ಗೊತ್ತು. ಆದರೂ ಆ ವಾರ ನಾನು ಕೇಳಿದ ಅಭಿಪ್ರಾಯಗಳಲ್ಲಿ ಅದೇ ಬಹಳ ವೈಜ್ಞಾನಿಕವಾಗಿ ಕಂಡಿತು.

ಇಲ್ಲಿ ಜಯಮ್ಮನವರ ವಿಷಯ ಹೇಳಬೇಕು. ಅವರು ನನ್ನ ಕ್ಲಿನಿಕ್ ಇರುವ ಕಟ್ಟಡದ ಒಡತಿ, ಜೊತೆಗೆ ನನ್ನ ರೋಗಿ. ಹೊಲವೆಲ್ಲ ಸೈಟಾದರೂ ಕಟ್ಟಡದ ಹಿಂದೆ ಇನ್ನೂ ಒಂದು ಹಸು ಕಟ್ಟಿದ್ದಾರೆ. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ಹೃದಯದ ಸ್ಕ್ಯಾನ್ ಮಾಡಿಸಿಕೊಂಡು ಬನ್ನಿ ಎಂದು ನಾಲ್ಕು ತಿಂಗಳಿಂದ ಬಡಿದುಕೊಳ್ಳುತ್ತಿದ್ದೆ. ಮೊದಲು ಆಷಾಢ ಅಂದರು, ಆಮೇಲೆ ಹಸು ಕರು ಹಾಕಿತು ಅಂದರು. ಒಂದು ದಿನ ನಾನೇ ಫೋನ್ ಮಾಡಿದರೆ, “ಬಸ್ಸಲ್ಲೇ ಇದೀನಿ ಡಾಕ್ಟ್ರೇ, ಆಸ್ಪತ್ರೆಗೇ ಹೋಗ್ತಾ ಇದೀನಿ” ಎಂದರು. ಅಷ್ಟರಲ್ಲಿ ಹಿಂದಿನಿಂದ ‘ಅಂಬಾ’ ಎಂದು ಕೇಳಿಸಿತು. “ಬಸ್ಸಲ್ಲಿ ಹಸು ಕೂಗುತ್ತಾ ಜಯಮ್ಮ?” ಎಂದು ಚೆನ್ನಾಗಿ ಬೈದಿದ್ದೆ.

ಸೋಮವಾರ ಅವರು ಬಿ.ಪಿ. ತೋರಿಸಲು ಬಂದರು. ಸ್ಕ್ಯಾನಿನ ಮಾತೆತ್ತಿದೆ.

“ಏನಾದ್ರೂ ಇದ್ದುಬಿಟ್ರೆ ಅಂತ ಭಯ ಡಾಕ್ಟ್ರೇ” ಎಂದರು. ಅಷ್ಟೂ ದಿನದಲ್ಲಿ ಅವರು ನಿಜ ಹೇಳಿದ್ದು ಅದೇ ಮೊದಲು. “ಇರ್ಲಿ, ನೀವೂ ಬುಧವಾರ ಎಲ್ಲೋ ಪರೀಕ್ಷೆಗೆ ಹೋಗ್ಬೇಕಂತಲ್ಲ. ಹೋಗಲ್ಲ ಅಂತ ಕೂತಿದೀರಂತೆ, ನಾಗರಾಜು ಹೇಳ್ದ.”

ನಾನು ಅವರ ಕೈಯಿಂದ ಬಿ.ಪಿ. ಪಟ್ಟಿ ಬಿಚ್ಚುವುದರಲ್ಲಿ ಬಹಳ ಮಗ್ನನಾದೆ. ಅವರಿಗೆ ಒಳಗೆ ಏನಾದರೂ ಸಿಕ್ಕಿಬಿಟ್ಟೀತು ಎಂಬ ಭಯ. ನನ್ನ ತಲೆಯೊಳಗೆ ಏನೂ ಸಿಗದೇ ಹೋದೀತು ಎಂಬ ಭಯ ನನಗೆ.

“ಒಂದು ಕೆಲಸ ಮಾಡಣ” ಎಂದರು ಜಯಮ್ಮ. “ಬುಧವಾರ ನೀವೂ ಹೋಗಿ, ನಾನೂ ಹೋಗ್ತೀನಿ. ನೀವು ಹೋಗ್ಲಿಲ್ಲ ಅಂದ್ರೆ ಮುಂದಕ್ಕೆ ನನ್ನ ಏನೂ ಕೇಳ್ಬೇಡಿ.” ಅವರೆದುರೇ ‘ಬುಧವಾರ ಡಾಕ್ಟರ್ ಇರುವುದಿಲ್ಲ’ ಎಂದು ಬರೆದು ಬಾಗಿಲಿಗೆ ಅಂಟಿಸಬೇಕಾಯಿತು.

ಬುಧವಾರ ಅನ್ನಪೂರ್ಣೇಶ್ವರಿ ನಗರದ ನಮ್ಮ ಮನೆಯಲ್ಲಿ ಎಂಟು ಗಂಟೆಗೇ ಇಸ್ತ್ರಿ ಅಂಗಿ ತೊಟ್ಟು, ಸರ್ಟಿಫಿಕೇಟುಗಳ ಫೈಲು ತೊಡೆಯ ಮೇಲಿಟ್ಟುಕೊಂಡು ಕೂತೆ. ಸುಧಾ “ಆಲ್ ದಿ ಬೆಸ್ಟ್” ಹೇಳಿ ಸ್ಕೂಲಿಗೆ ಹೋದಳು. ಒಂಬತ್ತಾಯಿತು. ನಾಡಿ ಹಿಡಿದು ನೋಡಿಕೊಂಡೆ, ಲೆಕ್ಕ ತಪ್ಪಿತು. ಹಸಿದ ಹೊಟ್ಟೆಯಲ್ಲಿ ಹೋಗಬಾರದು ಅನ್ನಿಸಿತು. ಟೇಬಲ್ಲಿನ ಮೇಲೆ ಸುಧಾ ಮಾಡಿಟ್ಟ ಉಪ್ಪಿಟ್ಟು ಇತ್ತು, ನಿಜ. ಆದರೆ ಉಪ್ಪಿಟ್ಟು ತಿನ್ನಲು ಐದು ನಿಮಿಷ ಸಾಕು, ನನಗೆ ಬೇಕಾಗಿದ್ದದ್ದು ಹೊತ್ತು ಕಳೆಯುವಂಥ ಕೆಲಸ. ಮದುವೆಯಾದ ಮೇಲೆ ಹಾಲು ಕಾಯಿಸುವುದರ ಆಚೆಗೆ ಹೋಗದವನು ಅವತ್ತು ಬೇಳೆ ತೊಳೆದು ಕುಕ್ಕರ್ ಇಟ್ಟೆ. ಒಲೆಯ ಮೇಲೆ ಕುಕ್ಕರ್ ಬಿಟ್ಟು ಜವಾಬ್ದಾರಿಯುಳ್ಳ ಮನುಷ್ಯ ಮನೆಯಿಂದ ಹೊರಡುವುದಾದರೂ ಹೇಗೆ?

ಹತ್ತಕ್ಕೆ ಫೋನ್ ಬಂತು. “ನಂದು ಆಯ್ತು ಡಾಕ್ಟ್ರೇ. ದೊಡ್ಡದೇನೂ ಇಲ್ವಂತೆ, ಮಾತ್ರೆ ಬದಲಾಯಿಸಿದ್ರೆ ಸಾಕಂತೆ. ಸುಮ್ನೆ ನಾಲ್ಕು ತಿಂಗಳು ಹೆದರ್ಕೊಂಡು ಸತ್ತೆ. ನೀವೆಲ್ಲಿದೀರಾ?”

“ದಾರೀಲೇ ಇದೀನಿ ಜಯಮ್ಮ. ಕೆಂಗೇರಿ ಹತ್ರ ಬಂದೆ” ಎಂದೆ. ಬಾಯಿ ಮುಚ್ಚುವಷ್ಟರಲ್ಲಿ ಕುಕ್ಕರ್ ಇಡೀ ಬಡಾವಣೆಗೆ ಕೇಳುವಂತೆ ಕೂಗಿತು.

“ಕೆಂಗೇರೀಲಿ ಕುಕ್ಕರ್ ಕೂಗುತ್ತಾ ಡಾಕ್ಟ್ರೇ?” ಎಂದರು. ಆಮೇಲೆ ದನಿ ಮೆತ್ತಗೆ ಮಾಡಿ, “ಏನೂ ಆಗಲ್ಲ, ಹೆದರ್ಕೋಬೇಡಿ. ಒಲೆ ಆರ್ಸಿ, ಆಟೋ ಹತ್ತಿ” ಎಂದು ಫೋನ್ ಇಟ್ಟರು. ನನ್ನದೇ ಮಾತು. ವಿಚಿತ್ರವೆಂದರೆ, ಅವರ ಬಾಯಲ್ಲಿ ಕೇಳಿದಾಗ ನಂಬಿಕೆ ಬಂತು. ಒಲೆ ಆರಿಸಿ, ಓಡಿಹೋಗಿ ಆಟೋ ಹತ್ತಿದೆ.

ಹನ್ನೊಂದಕ್ಕೆ ಐದು ನಿಮಿಷವಿರುವಾಗ ತಲುಪಿದೆ. ನನ್ನ ಸರದಿ ಬಂದು ಒಳಗೆ ಹೋದರೆ ರಮೇಶ ಎದ್ದು ನಿಂತು ಕೈ ಕುಲುಕಿದ. ಹೃದಯದ ಬಗ್ಗೆ ಕೇಳಲಿಲ್ಲ, ಶ್ವಾಸಕೋಶದ ಬಗ್ಗೆಯೂ ಕೇಳಲಿಲ್ಲ. ನನ್ನ ಫೈಲು ಮಡಿಸಿಟ್ಟು, “ಸಾರ್, ನಮಗೆಲ್ಲ ಪಾಠ ಹೇಳಿಕೊಟ್ಟೋರು ನೀವು. ಇಷ್ಟು ವರ್ಷ ಯಾಕೆ ಬರ್ಲಿಲ್ಲ?” ಎಂದ. ನಾನು ತಯಾರಿಲ್ಲದ ಪ್ರಶ್ನೆ ಅದೊಂದೇ ಎಂದರೆ ಸುಳ್ಳಾಗುತ್ತದೆ, ಯಾವುದಕ್ಕೂ ತಯಾರಿರಲಿಲ್ಲ. ಆದರೆ ಅವನು ಉತ್ತರಕ್ಕಾಗಿ ನಿಜವಾಗಿಯೂ ಕಾಯುತ್ತಿದ್ದ. ಬಾಯಿ ತೆರೆದೆ. ನಾಲಿಗೆಯ ತುದಿಗೆ ಬಂದು ನಿಂತದ್ದು ಒಂದೇ ಒಂದು ಮಾತು: ಮನೇಲಿ ಹಸು ಕರು ಹಾಕಿತ್ತು.